ಸಾಲುಗಳ ನಡುವಿನ ಸೀಸ

ನಮ್ಮೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಹಿಂದೆ ಒಂದು ಸಣ್ಣ ಅಚ್ಚುಕೂಟವಿತ್ತು. ಮದುವೆಯ ಕರೆಯೋಲೆ, ಸಹಕಾರ ಸಂಘದ ರಸೀದಿ ಪುಸ್ತಕ, ಜಾತ್ರೆಯ ಕರಪತ್ರ, ಇಷ್ಟೇ ಅಲ್ಲಿನ ಕೆಲಸ. ಶಾಲೆ ಬಿಟ್ಟ ಮೇಲೆ ಅದರ ಬಾಗಿಲಲ್ಲಿ ನಿಂತು ನೋಡುವುದು ನಮಗೆ ಪುಕ್ಕಟೆ ಮನರಂಜನೆ. ಮೊಳೆ ಜೋಡಿಸುವವರು ಮರದ ಗೂಡುಗಳತ್ತ ಕಣ್ಣು ಹಾಯಿಸದೆಯೇ ಒಂದೊಂದು ಅಕ್ಷರವನ್ನು ಹೆಕ್ಕಿ ಕೈಯಲ್ಲಿದ್ದ ಸ್ಟಿಕ್ಕಿಗೆ ಏರಿಸುತ್ತಿದ್ದರು. ಒಂದು ಸಾಲು ತುಂಬಿದೊಡನೆ ತೆಳುವಾದ ಸೀಸದ ಪಟ್ಟಿಯೊಂದನ್ನು ಅದಕ್ಕೆ ತಾಗಿಸಿಟ್ಟು ಮುಂದಿನ ಸಾಲಿಗೆ ಹೋಗುತ್ತಿದ್ದರು. ಆ ಪಟ್ಟಿಯ ಮೇಲೆ ಅಕ್ಷರವಿಲ್ಲ, ಗೆರೆಯಿಲ್ಲ. ಅದು ಕಾಗದದ ಮೇಲೆ ಮೂಡುವುದೂ ಇಲ್ಲ. ಮೂಡದ ವಸ್ತುವನ್ನು ಇಷ್ಟು ಜೋಪಾನವಾಗಿ ಇಡುವುದೇಕೆ ಎಂಬುದು ಆ ವಯಸ್ಸಿನಲ್ಲಿ ನಮಗೆ ತಿಳಿಯುತ್ತಿರಲಿಲ್ಲ.

ಅದರ ಹೆಸರು ಲೆಡ್. ಇಂಗ್ಲಿಷಿನಲ್ಲಿ ಸೀಸಕ್ಕಿರುವ ಹೆಸರೇ ಪಟ್ಟಿಗೂ ಬಂದಿತು. ಸಾಲುಗಳ ನಡುವೆ ಅಂತರ ಬಿಡುವ ಕೆಲಸಕ್ಕೆ ಲೆಡ್ಡಿಂಗ್ ಎಂಬ ಹೆಸರಾಯಿತು. ಸೀಸದ ಮೊಳೆಗಳು ಅಚ್ಚುಕೂಟಗಳಿಂದ ಹೊರಟುಹೋಗಿ ದಶಕಗಳೇ ಆದರೂ ಪುಟವಿನ್ಯಾಸದ ತಂತ್ರಾಂಶಗಳಲ್ಲಿ ಆ ಪದ ಹಾಗೆಯೇ ಕುಳಿತಿದೆ. ಪರದೆಯ ಮೇಲೆ ಪತ್ರಿಕೆಯ ಪುಟ ಕಟ್ಟುವವರು ಇಂದಿಗೂ ಲೆಡ್ಡಿಂಗ್ ಹೆಚ್ಚಿಸುತ್ತಾರೆ, ಕಡಿಮೆ ಮಾಡುತ್ತಾರೆ. ಅವರಲ್ಲಿ ಹೆಚ್ಚಿನವರು ಆ ಪಟ್ಟಿಯನ್ನು ಕೈಯಲ್ಲಿ ಹಿಡಿದವರಲ್ಲ.

ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ನಡುವೆ ಎಷ್ಟು ಜಾಗವಿರಬೇಕು? ಪ್ರಶ್ನೆ ಕ್ಷುಲ್ಲಕವೆನಿಸಬಹುದು. ಆದರೆ ಐದೂವರೆ ಶತಮಾನಗಳಿಂದ ಮುದ್ರಕರು ಈ ಪ್ರಶ್ನೆಯೊಡನೆ ಗುದ್ದಾಡುತ್ತ ಬಂದಿದ್ದಾರೆ. ಕೈಯಿಂದ ಮಾಡುತ್ತಿದ್ದ ಈ ಕೆಲಸವನ್ನು ಕಂಪ್ಯೂಟರಿಗೆ ಕಲಿಸಲು ಹೊರಟ ಒಬ್ಬ ಗಣಿತಜ್ಞನಿಗೆ ಅದು ಎಷ್ಟು ಗೋಜಲಿನದೆಂದು ಚೆನ್ನಾಗಿ ಮನವರಿಕೆಯಾಯಿತು. ಒತ್ತಕ್ಷರಗಳನ್ನು ಸಾಲಿನ ಕೆಳಗೆ ಇಳಿಬಿಡುವ ಕನ್ನಡಿಗರಿಗಂತೂ ಇದು ಮನೆಯದೇ ಸಮಸ್ಯೆ.

ಸೀಸದ ಮೊಳೆಗೆ ಒಂದು ಮುಖವಿರುತ್ತದೆ, ಒಂದು ಮೈ ಇರುತ್ತದೆ. ಮುಖವೆಂದರೆ ಮಸಿ ಹತ್ತುವ ಅಕ್ಷರದ ಆಕಾರ. ಮೈ ಎಂದರೆ ಆ ಮುಖವನ್ನು ಹೊತ್ತ ಲೋಹದ ತುಂಡು. ಮೈ ಯಾವಾಗಲೂ ಮುಖಕ್ಕಿಂತ ತುಸು ದೊಡ್ಡದು. ಹೀಗಾಗಿ ಒಂದು ಸಾಲಿನ ಕೆಳಗೆ ಇನ್ನೊಂದನ್ನು ಎಷ್ಟೇ ಒತ್ತಿ ಇಟ್ಟರೂ ಅಕ್ಷರಗಳು ಒಂದರ ಮೇಲೊಂದು ಏರುವ ಮಾತೇ ಇಲ್ಲ. ಮೈಗೆ ಮೈ ತಾಗಿದೊಡನೆ ಲೋಹವೇ ತಡೆಯುತ್ತದೆ. ಅಷ್ಟು ಅಂತರ ಸಾಲದು ಎನಿಸಿದಾಗ ಮಾತ್ರ ಲೆಡ್ ಬೇಕು. ಮುದ್ರಣದ ಇತಿಹಾಸದಲ್ಲಿ ಬಹುಕಾಲ ಈ ಸಮಸ್ಯೆಯನ್ನು ಕಾದು ನಿಂತಿದ್ದು ಮೊಳೆಯ ಈ ಮೈಯೇ.

ಹಾಗೆಂದು ಆ ಮೈಯನ್ನು ಬದಲಾಯಿಸಲು ಬಾರದೆಂದಲ್ಲ. 1455ರ ಸುಮಾರಿಗೆ ಜರ್ಮನಿಯ ಮೈನ್ಸ್ ನಗರದಲ್ಲಿ ಯೋಹಾನ್ಸ್ ಗುಟೆನ್‌ಬರ್ಗ್ ಮುದ್ರಿಸಿ ಮುಗಿಸಿದ ಬೈಬಲ್ ಗ್ರಂಥಕ್ಕೆ 42 ಸಾಲಿನ ಬೈಬಲ್ ಎಂದೇ ಹೆಸರು. ಪುಟದ ಪ್ರತಿ ಅಂಕಣದಲ್ಲಿ 42 ಸಾಲುಗಳಿವೆ ಎಂಬುದೇ ಅದಕ್ಕೆ ಕಾರಣ. ಸ್ವಾರಸ್ಯವೆಂದರೆ ಅದರ ಆರಂಭದ ಪುಟಗಳಲ್ಲಿ 40 ಸಾಲುಗಳೇ ಇವೆ. ಹತ್ತನೆಯ ಪುಟದಲ್ಲಿ 41 ಸಾಲುಗಳು, ಆಮೇಲೆ 42. ಅಂಕಣದ ಎತ್ತರ ಮಾತ್ರ ಬೆಳೆದಿಲ್ಲ. ಅಕ್ಷರದ ಮುಖವೂ ಅದೇ. ಬದಲಾದದ್ದು ಸಾಲುಗಳ ನಡುವಿನ ಜಾಗ. ಮೊಳೆಯ ಮೈಯನ್ನು ಅರದಿಂದ ಸವೆಸಿ ಅಥವಾ ಚಿಕ್ಕ ಮೈಯ ಮೇಲೆ ಮತ್ತೆ ಎರಕ ಹೊಯ್ದು ಎರಡು ಸಾಲುಗಳಷ್ಟು ಜಾಗವನ್ನು ಹಿಂಡಿ ತೆಗೆದಿದ್ದಾರೆ. ಕಾಗದ ಉಳಿಸಲು ಹೀಗೆ ಮಾಡಿರಬೇಕೆಂಬುದು ವಿದ್ವಾಂಸರ ಊಹೆ. ಯೂರೋಪಿನ ಮೊದಲ ಮಹತ್ವದ ಮುದ್ರಿತ ಗ್ರಂಥದಲ್ಲೇ, ಮೊದಲ ಹತ್ತು ಪುಟ ದಾಟುವುದರೊಳಗೆ, ಅಂದಕ್ಕೂ ಖರ್ಚಿಗೂ ಜಗಳ ಶುರುವಾಗಿತ್ತು.

ಮೈಯ ಅಳತೆಗೆ ಒಂದು ಲೆಕ್ಕ ಬೇಕೆಂದು 1737ರಲ್ಲಿ ಫ್ರಾನ್ಸಿನ ಫೂರ್ನಿಯೆ ಪಾಯಿಂಟ್ ಪದ್ಧತಿಯೊಂದನ್ನು ಪ್ರಕಟಿಸಿದ. ಆಮೇಲೆ ದಿದೋ ಮನೆತನದವರು ಅದನ್ನು ತಿದ್ದಿದರು. 1886ರಲ್ಲಿ ಅಮೆರಿಕದ ಮೊಳೆ ಎರಕದವರು ತಮ್ಮದೇ ಒಂದನ್ನು ಒಪ್ಪಿಕೊಂಡರು. ಅದರಂತೆ ಒಂದು ಅಂಗುಲಕ್ಕೆ ಸುಮಾರು 72.27 ಪಾಯಿಂಟ್. ಹತ್ತು ಪಾಯಿಂಟಿನ ಮೊಳೆಯ ಸಾಲುಗಳ ನಡುವೆ ಎರಡು ಪಾಯಿಂಟಿನ ಲೆಡ್ ಹಾಕಿದರೆ 'ಹತ್ತರ ಮೇಲೆ ಹನ್ನೆರಡು' ಎಂದು ಹೇಳುವ ರೂಢಿ ಬಂತು. ಪತ್ರಿಕಾಲಯಗಳಲ್ಲಿ ಲೆಡ್ಡಿಗೆ ಇನ್ನೊಂದು ಉಪಯೋಗವೂ ಇತ್ತು. ರಾತ್ರಿ ಪುಟ ಕಟ್ಟುವಾಗ ಸುದ್ದಿ ಅರ್ಧ ಅಂಗುಲ ಕಡಿಮೆ ಬಿದ್ದರೆ ವರದಿಗಾರನನ್ನು ಎಬ್ಬಿಸಲು ಯಾರೂ ಹೋಗುತ್ತಿರಲಿಲ್ಲ. ಸಾಲುಗಳ ನಡುವೆ ಒಂದೊಂದು ತೆಳು ಲೆಡ್ ತೂರಿಸಿ ಕಾಲಂ ತುಂಬಿಸುತ್ತಿದ್ದರು. ಓದುಗರಿಗೆ ಅದು ಗೊತ್ತಾಗುತ್ತಿರಲಿಲ್ಲ. ಈ ಉಪಾಯವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕನ್ನಡ ಅಚ್ಚಿಗೆ ಬಂದದ್ದು ತಡವಾಗಿ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಬಂಗಾಳದ ಶ್ರೀರಾಮಪುರದಲ್ಲಿ ಅಚ್ಚಾಯಿತು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1841ರಲ್ಲಿ ಆರಂಭಿಸಿದ್ದು ಕಲ್ಲಚ್ಚು. ಹರ್ಮನ್ ಮೊಗ್ಲಿಂಗ್ 1843ರ ಜುಲೈಯಲ್ಲಿ ಹೊರತಂದ 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲೇ ಮುದ್ರಣವಾಯಿತು. ಕಲ್ಲಚ್ಚಿನಲ್ಲಿ ಕೈಬರಹವೇ ಅಚ್ಚಾಗುತ್ತದೆ. ಬರೆಯುವವನು ಮೇಲಿನ ಸಾಲಿನ ಒತ್ತಕ್ಷರ ಎಲ್ಲಿ ಇಳಿದಿದೆಯೆಂದು ನೋಡಿ ಕೆಳಗಿನ ಸಾಲಿನ ದೀರ್ಘವನ್ನು ತುಸು ತಗ್ಗಿಸಬಲ್ಲ, ಪಕ್ಕಕ್ಕೆ ಸರಿಸಬಲ್ಲ. ತಾಳೆಗರಿಯ ಲಿಪಿಕಾರನೂ ಶಾಸನದ ಕಂಡರಣೆಯವನೂ ಮಾಡುತ್ತಿದ್ದುದು ಅದನ್ನೇ. ಮೊಳೆಗೆ ಈ ದಾಕ್ಷಿಣ್ಯವಿಲ್ಲ. ಒಂದು ಸಾಲಿನಲ್ಲಿ ಒಂದೇ ಒಂದು ಒತ್ತಕ್ಷರವಿದ್ದರೂ ಅದಕ್ಕೆ ಬೇಕಾದ ಜಾಗವನ್ನು ಇಡೀ ಸಾಲಿಗೆ ಕೊಡಬೇಕು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟನ್ನು ತೆರೆದು ನೋಡಿ. ಎತ್ತರ ಆಳಗಳಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಲಿಪಿಗಳು ಒಂದೇ ಸಾಲಿನಲ್ಲಿ ಅಕ್ಕಪಕ್ಕ ಕುಳಿತಿವೆ. ಅದನ್ನು ಜೋಡಿಸಿದ ಕೈಗಳ ಹೆಸರು ಯಾರಿಗೂ ನೆನಪಿಲ್ಲ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಛಾಯಾಕ್ಷರ ಜೋಡಣೆ ಬಂತು. ಸೀಸ ಹೋಗಿ ಬೆಳಕು ಬಂತು. ಫಿಲ್ಮಿನ ಮೇಲಿನ ಅಕ್ಷರಕ್ಕೆ ಮುಖವುಂಟು, ಮೈಯಿಲ್ಲ. ಸಾಲನ್ನು ಎಷ್ಟು ಬೇಕಾದರೂ ಮೇಲಕ್ಕೆಳೆಯಬಹುದು, ಒಂದರ ಮೇಲೊಂದು ಕೂರಿಸಿದರೂ ತಡೆಯುವವರಿಲ್ಲ. ಜಾಹೀರಾತಿನವರಿಗೆ ಇದು ಹಬ್ಬವಾಯಿತು. ಪುಸ್ತಕದ ಓದುಗರಿಗೆ, ಅದರಲ್ಲೂ ಗಣಿತದ ಪುಸ್ತಕಗಳ ಓದುಗರಿಗೆ, ಅದೇ ಪೀಡೆಯಾಯಿತು.

ಅಂಥ ಒಬ್ಬ ಓದುಗ, ಬರೆಹಗಾರನೂ ಹೌದು, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೊನಾಲ್ಡ್ ಕನೂತ್. 1938ರಲ್ಲಿ ಹುಟ್ಟಿದ ಇವರು ಕಂಪ್ಯೂಟರ್ ಪ್ರೋಗ್ರಾಮಿನ ಕಲೆಯನ್ನು ಕುರಿತು ಹಲವು ಸಂಪುಟಗಳ ಗ್ರಂಥವೊಂದನ್ನು ಬರೆಯುತ್ತಿದ್ದರು. 1968ರಲ್ಲಿ ಬಂದ ಮೊದಲ ಸಂಪುಟ ಮೊನೊಟೈಪ್ ಯಂತ್ರದಲ್ಲಿ ಬಿಸಿ ಸೀಸದಿಂದ ಜೋಡಿಸಿದ್ದು. ಎರಡನೆಯ ಸಂಪುಟದ ಹೊಸ ಆವೃತ್ತಿಯ ಹೊತ್ತಿಗೆ ಪ್ರಕಾಶಕರು ಛಾಯಾಕ್ಷರಕ್ಕೆ ಹೊರಳಿದ್ದರು. 1977ರ ಮಾರ್ಚ್ 30ರಂದು ಕೈಗೆ ಬಂದ ಕರಡುಗಳನ್ನು ನೋಡಿ ಕನೂತ್ ಅವರ ಮುಖ ಬಾಡಿತು. ಇಷ್ಟು ಕಷ್ಟಪಟ್ಟು ಬರೆದದ್ದು ಇಷ್ಟು ಕಳಪೆಯಾಗಿ ಕಾಣಬೇಕೇ ಎಂಬ ಸಂಕಟ. ಅದೇ ಸುಮಾರಿಗೆ ಅಂಕೀಯ ಯಂತ್ರದಲ್ಲಿ ಜೋಡಿಸಿದ ಬೇರೊಂದು ಪುಸ್ತಕದ ಕರಡನ್ನು ಅವರು ನೋಡಿದ್ದರು. ಪುಟವೆಂದರೆ ಮಸಿ ಇರುವ, ಇಲ್ಲದ ಚುಕ್ಕೆಗಳ ಸಾಲು, ಸೊನ್ನೆ ಮತ್ತು ಒಂದು. ಹಾಗಿದ್ದರೆ ಇದು ತನ್ನ ವಿದ್ಯೆಗೇ ಸೇರಿದ್ದಲ್ಲವೇ ಎಂದುಕೊಂಡರು. ಮೇ 13ರಂದು ತಮಗಾಗಿಯೇ ಒಂದು ಟಿಪ್ಪಣಿ ಬರೆದಿಟ್ಟರು. ಆ ಬೇಸಿಗೆಯಲ್ಲಿ ಚೀನಾ ಪ್ರವಾಸಕ್ಕೆ ಹೊರಟವರು ಮೊದಲ ಪ್ರಯೋಗವನ್ನು ಮೈಕೆಲ್ ಪ್ಲಾಸ್, ಫ್ರ್ಯಾಂಕ್ ಲಿಯಾಂಗ್ ಎಂಬ ಇಬ್ಬರು ವಿದ್ಯಾರ್ಥಿಗಳಿಗೆ ವಹಿಸಿದರು. ಒಂದು ವರ್ಷದಲ್ಲಿ ಮುಗಿಯುತ್ತದೆಂದು ಹಿಡಿದ ಕೆಲಸ ಹತ್ತು ವರ್ಷಕ್ಕೂ ಹೆಚ್ಚು ಕಾಲ ನುಂಗಿತು. ಹುಟ್ಟಿದ ತಂತ್ರಾಂಶದ ಹೆಸರು ಟೆಕ್. ಕಲೆ, ಕೈಕಸುಬು ಎರಡನ್ನೂ ಸೂಚಿಸುವ ಗ್ರೀಕ್ ಪದದಿಂದ ಬಂದ ಹೆಸರು.

ಟೆಕ್ ಲೋಕದಲ್ಲಿ ಇರುವುದು ಮುಖ್ಯವಾಗಿ ಎರಡೇ ವಸ್ತು: ಪೆಟ್ಟಿಗೆ ಮತ್ತು ಅಂಟು. ಒಂದು ಅಕ್ಷರ ಒಂದು ಪೆಟ್ಟಿಗೆ. ಅಕ್ಷರಗಳು ಅಕ್ಕಪಕ್ಕ ಸೇರಿ ಸಾಲಾದರೆ ಸಾಲೇ ಒಂದು ಪೆಟ್ಟಿಗೆ. ಸಾಲುಗಳು ಒಂದರ ಕೆಳಗೊಂದು ಸೇರಿದರೆ ಅದು ಇನ್ನೂ ದೊಡ್ಡ ಪೆಟ್ಟಿಗೆ. ಕೊನೆಗೆ ಪುಟವೂ ಪೆಟ್ಟಿಗೆಯೇ. ಪೆಟ್ಟಿಗೆಯೊಳಗೆ ಏನಿದೆ ಎಂಬ ಚಿಂತೆ ಟೆಕ್‌ಗೆ ಇಲ್ಲ. ಅದಕ್ಕೆ ಗೊತ್ತಿರುವುದು ಮೂರು ಸಂಖ್ಯೆ: ಅಗಲ, ಎತ್ತರ, ಆಳ. ಅಕ್ಷರಗಳು ಕುಳಿತುಕೊಳ್ಳುವ ಕಾಣದ ಗೆರೆಯೊಂದಿದೆ, ಅದನ್ನು ಬೇಸ್‌ಲೈನ್ ಎನ್ನುತ್ತಾರೆ. ನಾವು ಅಡಿಗೆರೆ ಎನ್ನೋಣ. ಗೆರೆಯಿಂದ ಮೇಲಿರುವುದು ಎತ್ತರ, ಕೆಳಗಿಳಿದದ್ದು ಆಳ. 'ಗೀ' ಎಂಬ ಅಕ್ಷರಕ್ಕೆ ಎತ್ತರವೇ ಹೆಚ್ಚು. 'ಷ್ಟ್ರ' ಎಂಬುದಕ್ಕೆ ಆಳವೂ ಬಹಳ.

ಅಂಟು ಎಂದರೆ ಪೆಟ್ಟಿಗೆಗಳ ನಡುವಿನ ಜಾಗ. ಈ ಅಂಟು ಹಿಗ್ಗುತ್ತದೆ, ಕುಗ್ಗುತ್ತದೆ. ಎಷ್ಟು ಹಿಗ್ಗಬಹುದು, ಎಷ್ಟು ಕುಗ್ಗಬಹುದು ಎಂಬುದನ್ನು ಮೊದಲೇ ಹೇಳಿಡಬಹುದು. ಹಿಗ್ಗಿ ಕುಗ್ಗುವ ವಸ್ತುವಿಗೆ ಅಂಟು ಎನ್ನುವುದಕ್ಕಿಂತ ಸ್ಪ್ರಿಂಗ್ ಎನ್ನುವುದೇ ಸರಿಯೆಂದು ಕನೂತ್ ತಮ್ಮ 1984ರ ಕೈಪಿಡಿಯಲ್ಲಿ ಒಪ್ಪಿಕೊಂಡಿದ್ದಾರೆ. ಆದರೆ ಅಷ್ಟರಲ್ಲಿ ಹೆಸರು ಅಂಟಿಕೊಂಡುಬಿಟ್ಟಿತ್ತು. ರಾತ್ರಿಪಾಳಿಯಲ್ಲಿ ತೆಳು ಲೆಡ್ ತೂರಿಸಿ ಕಾಲಂ ತುಂಬಿಸುತ್ತಿದ್ದವರ ಉಪಾಯವೇ ಇಲ್ಲಿ ಗಣಿತದ ವೇಷ ಹಾಕಿಕೊಂಡಿದೆ. ಪುಟ ಸ್ವಲ್ಪ ಕಡಿಮೆ ಬಿದ್ದರೆ ಪ್ಯಾರಾಗಳ ನಡುವಿನ, ಶೀರ್ಷಿಕೆಯ ಆಚೀಚಿನ ಅಂಟು ಹಿಗ್ಗಿ ಅದನ್ನು ತುಂಬುತ್ತದೆ. ಸಾಲುಗಳ ನಡುವಿನ ಅಂತರವನ್ನು ಮಾತ್ರ ಹಿಗ್ಗಿಸದೆ ಸ್ಥಿರವಾಗಿಡುವುದು ಒಳ್ಳೆಯ ಪುಸ್ತಕದ ಲಕ್ಷಣ. ಟೆಕ್‌ನ ಮೂಲ ಏರ್ಪಾಡಿನಲ್ಲೂ ಅದೇ ಕ್ರಮವಿದೆ.

ಸಾಲುಗಳ ವಿಷಯದಲ್ಲಿ ಟೆಕ್ ಮೂರು ಸಂಖ್ಯೆಗಳನ್ನು ಇಟ್ಟುಕೊಳ್ಳುತ್ತದೆ. ಮೊದಲನೆಯದು ಬೇಸ್‌ಲೈನ್‌ಸ್ಕಿಪ್, ಎಂದರೆ ಒಂದು ಅಡಿಗೆರೆಯಿಂದ ಮುಂದಿನ ಅಡಿಗೆರೆಗೆ ಇರಬೇಕಾದ ದೂರ. ಕನೂತ್ ಇದಕ್ಕಿಟ್ಟದ್ದು 12 ಪಾಯಿಂಟ್. ಎರಡನೆಯದು ಲೈನ್‌ಸ್ಕಿಪ್‌ಲಿಮಿಟ್, ಪೆಟ್ಟಿಗೆಗಳು ಎಷ್ಟು ಹತ್ತಿರ ಬರಬಹುದೆಂಬ ಮಿತಿ, ಸೊನ್ನೆ. ಮೂರನೆಯದು ಲೈನ್‌ಸ್ಕಿಪ್, ಮಿತಿ ಮೀರಿದಾಗ ಕೊಡಬೇಕಾದ ಜಾಗ, ಒಂದು ಪಾಯಿಂಟ್. ಲೆಕ್ಕ ಸರಳ. ಮೇಲಿನ ಸಾಲಿನ ಆಳ 2, ಕೆಳಗಿನ ಸಾಲಿನ ಎತ್ತರ 7 ಎಂದಿಟ್ಟುಕೊಳ್ಳಿ. ಹನ್ನೆರಡರಲ್ಲಿ ಒಂಬತ್ತು ಕಳೆದರೆ ಉಳಿಯುವುದು 3. ಅಷ್ಟು ಅಂಟನ್ನು ನಡುವೆ ಸುರಿದರೆ ಅಡಿಗೆರೆಗಳ ದೂರ ಸರಿಯಾಗಿ 12 ಆಗುತ್ತದೆ. ಮೇಲಿನ ಸಾಲಿನಲ್ಲಿ ಆಳವಾದ ಅಕ್ಷರವಿದ್ದು ಆಳ 6 ಆಯಿತು, ಕೆಳಗಿನದರ ಎತ್ತರ 8 ಆಯಿತು ಎನ್ನಿ. ಹನ್ನೆರಡರಲ್ಲಿ ಹದಿನಾಲ್ಕು ಹೋಗುವುದಿಲ್ಲ. ಉತ್ತರ ಮಿತಿಗಿಂತ ಕಡಿಮೆಯಾದ್ದರಿಂದ ಟೆಕ್ ಹನ್ನೆರಡರ ಆಸೆ ಬಿಟ್ಟು ಒಂದು ಪಾಯಿಂಟ್ ಜಾಗ ಕೊಟ್ಟು ಕೆಳಗಿನ ಸಾಲನ್ನು ಕೂರಿಸುತ್ತದೆ. ಅಡಿಗೆರೆಗಳ ದೂರ ಈಗ 15. ಅಕ್ಷರಗಳು ಡಿಕ್ಕಿ ಹೊಡೆಯುವುದು ತಪ್ಪಿತು. ಆದರೆ ಆ ಒಂದು ಸಾಲು ಉಳಿದವುಗಳಿಂದ ದೂರ ಸರಿದು, ಊಟದ ಪಂಕ್ತಿಯಲ್ಲಿ ಒಬ್ಬರು ಮುನಿಸಿಕೊಂಡು ಎಲೆ ಎಳೆದುಕೊಂಡು ಕುಳಿತಂತೆ ಕಾಣುತ್ತದೆ.

ಈ ನಿಯಮದಲ್ಲಿ ಒಂದು ಸಣ್ಣ ತಮಾಷೆಯಿದೆ. ಉಳಿದ ಜಾಗ ಸರಿಯಾಗಿ ಸೊನ್ನೆಯಾದರೆ ಮಿತಿ ಮೀರಿಲ್ಲವೆಂದು ಟೆಕ್ ಸುಮ್ಮನಿರುತ್ತದೆ, ಪೆಟ್ಟಿಗೆಗಳು ತಾಗಿಕೊಂಡೇ ನಿಲ್ಲುತ್ತವೆ. ಕೂದಲೆಳೆಯಷ್ಟು ಕಡಿಮೆಯಾದರೂ ಸಾಕು, ಇದ್ದಕ್ಕಿದ್ದಂತೆ ಇಡೀ ಒಂದು ಪಾಯಿಂಟ್ ದೂರ ಜಿಗಿಯುತ್ತವೆ. ಟೆಕ್ ಬಳಸುವ ಅತಿ ಚಿಕ್ಕ ಅಳತೆ ಒಂದು ಪಾಯಿಂಟಿನ 65,536ರ ಒಂದು ಭಾಗ. ಕಣ್ಣಿಗೆ ಕಾಣುವ ಬೆಳಕಿನ ಅಲೆಯ ಉದ್ದಕ್ಕಿಂತಲೂ ಅದು ಎಷ್ಟೋ ಪಾಲು ಚಿಕ್ಕದು. ಅಷ್ಟು ವ್ಯತ್ಯಾಸಕ್ಕೆ ಸಾಲು ಜಿಗಿಯುತ್ತದೆಂದರೆ ಜೋಡಿಸುವವನು ತಲೆ ಕೆರೆದುಕೊಳ್ಳದೆ ಇರುತ್ತಾನೆಯೇ!

ಇದಕ್ಕಿಂತ ಹೆಚ್ಚು ಜನರನ್ನು ಕಾಡಿದ್ದು ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಪೇರಿಸುವ ಕೆಲಸ. ಐದೈದು ಸಾಲುಗಳ ಎರಡು ಪೆಟ್ಟಿಗೆಗಳಿವೆ, ಒಂದರ ಕೆಳಗೊಂದು ಇಡಬೇಕು ಎನ್ನಿ. ಹತ್ತು ಸಾಲುಗಳೂ ಸಮನಾದ ಅಂತರದಲ್ಲಿ ಬರುತ್ತವೆಂದು ಯಾರೂ ನಿರೀಕ್ಷಿಸುತ್ತಾರೆ. ಹಾಗಾಗುವುದಿಲ್ಲ. ಐದನೆಯ ಸಾಲಿಗೂ ಆರನೆಯದಕ್ಕೂ ನಡುವಿನ ಜಾಗ ಕುಗ್ಗಿಹೋಗಿರುತ್ತದೆ. ಕಾರಣ, ಪೆಟ್ಟಿಗೆಗೆ ಒಂದೇ ಒಂದು ಅಡಿಗೆರೆ ಇರಲು ಸಾಧ್ಯ. ವಿಬಾಕ್ಸ್ ಎಂಬ ಸಾಮಾನ್ಯ ಪೆಟ್ಟಿಗೆಯಲ್ಲಿ ಕೊನೆಯ ಸಾಲಿನ ಅಡಿಗೆರೆಯೇ ಇಡೀ ಪೆಟ್ಟಿಗೆಯ ಅಡಿಗೆರೆ. ಅದರ ಮೇಲಿರುವುದೆಲ್ಲ ಎತ್ತರ. ಮೊದಲ ಸಾಲಿನ 7, ಆಮೇಲಿನ ನಾಲ್ಕು ಸಾಲುಗಳ 48, ಒಟ್ಟು 55 ಪಾಯಿಂಟ್ ಎತ್ತರ. ಹನ್ನೆರಡರಲ್ಲಿ ಮೇಲಿನ ಪೆಟ್ಟಿಗೆಯ ಆಳ 2, ಕೆಳಗಿನದರ ಎತ್ತರ 55 ಕಳೆಯಲು ಹೋದರೆ ಉತ್ತರ ಸೊನ್ನೆಗಿಂತ 45 ಕಡಿಮೆ. ನಿಯಮದಂತೆ ಒಂದು ಪಾಯಿಂಟ್ ಜಾಗ ಬಿಸಾಕಿ ಟೆಕ್ ಕೈತೊಳೆದುಕೊಳ್ಳುತ್ತದೆ. ಒಳಗಿನ ಸಾಲುಗಳ ನಡುವೆ ಮೂರು ಪಾಯಿಂಟ್ ಜಾಗ, ಪೆಟ್ಟಿಗೆಗಳು ಕೂಡುವಲ್ಲಿ ಒಂದೇ. ಯಂತ್ರ ತಪ್ಪು ಮಾಡಿಲ್ಲ. ಪೆಟ್ಟಿಗೆಯೊಳಗೆ ಐದು ಸಾಲುಗಳಿವೆ ಎಂಬುದೇ ಅದಕ್ಕೆ ತಿಳಿಯದು.

ವಿಟಾಪ್ ಎಂಬ ಇನ್ನೊಂದು ಬಗೆಯ ಪೆಟ್ಟಿಗೆಯಲ್ಲಿ ಮೊದಲ ಸಾಲಿನ ಅಡಿಗೆರೆಯೇ ಪೆಟ್ಟಿಗೆಯ ಅಡಿಗೆರೆ. ಅದನ್ನು ಬಳಸಿದರೆ ಮೇಲಿನ ಕೂಡಿಕೆ ಸರಿಹೋಗುತ್ತದೆ. ಆದರೆ ಈಗ ಆಳ 50 ಪಾಯಿಂಟ್ ಆಗಿರುತ್ತದೆ, ಅದರ ಕೆಳಗೆ ಬರುವುದು ಕೆಟ್ಟಿತು. ಸೂರಿನ ಒಂದು ಕಡೆ ತೇಪೆ ಹಾಕಿದರೆ ಇನ್ನೊಂದು ಕಡೆ ಸೋರಿದ ಹಾಗೆ. ಬಲ್ಲವರು ಮಾಡುವುದೇ ಬೇರೆ. ನಡುವೆ ಅಂಟು ಸುರಿಯಲೇಬೇಡ ಎಂದು ಟೆಕ್‌ಗೆ ಅಪ್ಪಣೆ ಕೊಟ್ಟು, ಬೇಕಾದಷ್ಟು ಜಾಗವನ್ನು ತಾವೇ ಅಳೆದು ಇಡುತ್ತಾರೆ. ಹೀಗೆ ಸುಮ್ಮನಿರಿಸುವುದಕ್ಕೆ ಕನೂತ್ ಮಾಡಿಟ್ಟ ಒಳಗುಟ್ಟೂ ಚೆನ್ನಾಗಿದೆ. ಹಿಂದಿನ ಪೆಟ್ಟಿಗೆಯ ಆಳ ಎಷ್ಟೆಂದು ಟೆಕ್ ಸದಾ ನೆನಪಿಟ್ಟುಕೊಳ್ಳುತ್ತದೆ. ಆ ನೆನಪಿನ ಜಾಗದಲ್ಲಿ ಸೊನ್ನೆಗಿಂತ ಸಾವಿರ ಪಾಯಿಂಟ್ ಕಡಿಮೆ ಎಂದು ಬರೆದುಬಿಟ್ಟರೆ, ಎಂದರೆ ಸುಮಾರು 35 ಸೆಂಟಿಮೀಟರ್ ಋಣ ಆಳ, ಅದು ಲೆಕ್ಕ ಬಿಟ್ಟು ಸುಮ್ಮನಾಗುತ್ತದೆ. ಯಾವ ನಿಜವಾದ ಸಾಲಿಗೂ ಅಂಥ ಆಳವಿರುವುದಿಲ್ಲವಷ್ಟೆ.

ಇನ್ನೊಂದು ಉಪಾಯ ಸ್ಟ್ರಟ್. ಎಂದರೆ ಊರುಗಂಬ. ಅಗಲವಿಲ್ಲದ, ಮಸಿಯಿಲ್ಲದ, ಕಣ್ಣಿಗೆ ಕಾಣದ ಪೆಟ್ಟಿಗೆ. ಎತ್ತರ ಎಂಟೂವರೆ, ಆಳ ಮೂರೂವರೆ, ಒಟ್ಟು 12 ಪಾಯಿಂಟ್. ಪ್ರತಿ ಪೆಟ್ಟಿಗೆಯ ಮೊದಲ ಸಾಲಿನಲ್ಲೂ ಕೊನೆಯ ಸಾಲಿನಲ್ಲೂ ಒಂದೊಂದು ಊರುಗಂಬ ನೆಟ್ಟು, ಪೆಟ್ಟಿಗೆಗಳ ನಡುವಿನ ಅಂಟನ್ನು ತೆಗೆದುಹಾಕಿದರೆ ಪೆಟ್ಟಿಗೆಗಳು ತಾಗಿ ನಿಂತರೂ ಅಡಿಗೆರೆಗಳ ದೂರ ಹನ್ನೆರಡೇ ಆಗುತ್ತದೆ. ಯೋಚಿಸಿ ನೋಡಿದರೆ ಇದು ಹಳೆಯ ಮೊಳೆಯ ಮೈಯಲ್ಲದೆ ಬೇರೇನೂ ಅಲ್ಲ. ಬೆಳಕಿನ ಯುಗದಲ್ಲಿ ಕಳೆದುಹೋಗಿದ್ದ ಮೈಯನ್ನು ಕಾಣದ ಕಂಬವೊಂದರ ರೂಪದಲ್ಲಿ ಕನೂತ್ ಅಕ್ಷರಕ್ಕೆ ಮರಳಿ ಕೊಟ್ಟರು. 1980ರ ದಶಕದ ನಡುವೆ ಲೆಸ್ಲಿ ಲ್ಯಾಂಪೋರ್ಟ್ ಇದರ ಮೇಲೆ ಕಟ್ಟಿದ ಲೇಟೆಕ್ ಜನಪ್ರಿಯವಾದ ಮೇಲೆ ಹೆಚ್ಚಿನ ವಿದ್ಯಾರ್ಥಿಗಳಿಗೆ ಈ ಒಳಲೆಕ್ಕ ಕಾಣದಾಯಿತು. ಪಟ್ಟಿ, ಕೋಷ್ಟಕ, ಚಿತ್ರಗಳ ಅಡಿಬರಹ ಎಲ್ಲೋ ಒತ್ತಾಗಿ ಬಂದಾಗ ಮಾತ್ರ ಅವರು ಕನೂತ್ ಕೈಪಿಡಿಯ ಹನ್ನೆರಡನೆಯ ಅಧ್ಯಾಯಕ್ಕೆ ಓಡುತ್ತಾರೆ.

ಅಂತರ್ಜಾಲದ ಪುಟಗಳೂ ಪೆಟ್ಟಿಗೆಗಳ ರಾಶಿಯೇ. 1996ರಲ್ಲಿ ಬಂದ ಸಿಎಸ್ಎಸ್ ಎಂಬ ವಿನ್ಯಾಸಭಾಷೆ ಸಾಲಿನ ಜಾಗವನ್ನು ಎರಡು ಪಾಲು ಮಾಡಿ ಅರ್ಧ ಮೇಲೆ, ಅರ್ಧ ಕೆಳಗೆ ಹಂಚುತ್ತದೆ. ಒಂದರ ಕೆಳಗೊಂದು ಬರುವ ಎರಡು ಪೆಟ್ಟಿಗೆಗಳ ಅಂಚುಗಳಲ್ಲಿ ಒಂದಕ್ಕೆ 20, ಇನ್ನೊಂದಕ್ಕೆ 30 ಎಂದು ಜಾಗ ಹೇಳಿದ್ದರೆ ಸಾಮಾನ್ಯವಾಗಿ ನಡುವೆ ಬರುವುದು 50 ಅಲ್ಲ, 30. ದೊಡ್ಡದು ಚಿಕ್ಕದನ್ನು ನುಂಗುತ್ತದೆ. ಹೊಸಬರು ಇಲ್ಲೂ ಬೇಸ್ತು ಬೀಳುತ್ತಾರೆ.

ಇನ್ನು ನಮ್ಮ ಒತ್ತಕ್ಷರದ ವಿಷಯ. ಇಂಗ್ಲಿಷಿನಲ್ಲಿ ಗೆರೆಯ ಕೆಳಗಿಳಿಯುವ ಸಣ್ಣಕ್ಷರಗಳು ಐದು, ಅವೂ ಒಂದೇ ಅಳತೆಯವು. ಕನ್ನಡದಲ್ಲಿ ಯಾವ ವ್ಯಂಜನವೂ ಒತ್ತಾಗಿ ಇಳಿಯಬಲ್ಲದು, ಒತ್ತಿಗೆ ಇನ್ನೊಂದು ಒತ್ತೂ ಸೇರಬಲ್ಲದು. 'ಲಕ್ಷ್ಮೀ' ಎಂಬ ಹೆಸರನ್ನೇ ನೋಡಿ. ಮೇಲೆ ದೀರ್ಘ, ಕೆಳಗೆ ಮಕಾರದ ಒತ್ತು. 'ಸ್ತ್ರೀ', 'ರಾಷ್ಟ್ರೀಯ' ಇವೂ ಹಾಗೆಯೇ. ಇಂಗ್ಲಿಷಿನ ಹತ್ತರ ಮೇಲೆ ಹನ್ನೆರಡು ಎಂಬ ಅಳತೆಯನ್ನು ಕನ್ನಡಕ್ಕೆ ಹಾಗೆಯೇ ಹಾಕಿದರೆ ಟೆಕ್‌ನ ತುರ್ತು ನಿಯಮ ಪುಟಕ್ಕೆ ಹಲವು ಸಲ ಜಾರಿಗೆ ಬರುತ್ತದೆ. ಒಂದು ಸಾಲು 12, ಮುಂದಿನದು 14, ಆಮೇಲೆ ಮತ್ತೆ 12. ಪುಟ ಅಲೆಯಾಡಿದಂತೆ ಕಾಣುತ್ತದೆ. ಮಿತಿಯನ್ನು ಸೊನ್ನೆಗಿಂತ ತುಂಬ ಕೆಳಗಿಳಿಸಿ ನಿಯಮವನ್ನೇ ಬಾಯಿ ಮುಚ್ಚಿಸಬಹುದು. ಆಗ ಸಾಲುಗಳೇನೋ ಸಮವಾಗುತ್ತವೆ, ಒತ್ತು ಕೆಳಗಿನ ಸಾಲಿನ ಗುಡಿಸಿನ ಮೇಲೆ ಬಂದು ಕೂರುತ್ತದೆ.

ಇಲ್ಲೊಂದು ಅನ್ಯಾಯವೂ ಇದೆ. ಮೇಲಿನ ಸಾಲಿನ ಆಳವಾದ ಒತ್ತು ಎಡಗಡೆಯ ತುದಿಯಲ್ಲಿದ್ದು, ಕೆಳಗಿನ ಸಾಲಿನ ಎತ್ತರದ ಅಕ್ಷರ ಬಲತುದಿಯಲ್ಲಿದ್ದರೆ ಎರಡೂ ಎಂದಿಗೂ ಸಂಧಿಸುವುದಿಲ್ಲ. ಕಲ್ಲಚ್ಚಿಗೆ ಬರೆಯುತ್ತಿದ್ದವನಿಗೆ ಅದು ಕಣ್ಣಿಗೇ ಕಾಣುತ್ತಿತ್ತು. ಟೆಕ್‌ಗೆ ಕಾಣುವುದು ಇಡೀ ಸಾಲಿಗೆ ಒಂದು ಎತ್ತರ, ಒಂದು ಆಳ ಮಾತ್ರ. ಆದ್ದರಿಂದ ಬೇಕಿಲ್ಲದ ಕಡೆಯೂ ಸಾಲನ್ನು ದೂಡುತ್ತದೆ. ಕನೂತ್ ಮಟ್ಟಿಗೆ ಇದು ದೋಷವೇನಲ್ಲ. ಇಂಗ್ಲಿಷ್ ಗದ್ಯದಲ್ಲಿ ಈ ಪ್ರಸಂಗ ಹುಟ್ಟುವುದೇ ಅಪರೂಪ, ಗಣಿತದ ಸೂತ್ರಗಳು ಸಾಲಿನ ನಡುವೆ ಬಂದಾಗ ಮಾತ್ರ. ನಮಗೆ ಅದು ದಿನನಿತ್ಯದ ಗದ್ಯ.

ಕಾಲಕಾಲಕ್ಕೆ ನಡೆದ ಲಿಪಿ ಸುಧಾರಣೆಯ ಚರ್ಚೆಗಳಲ್ಲಿ ಒತ್ತಕ್ಷರಗಳನ್ನೇ ಕೈಬಿಟ್ಟು ಅರ್ಧಾಕ್ಷರಗಳನ್ನು ಪಕ್ಕಪಕ್ಕದಲ್ಲಿ ಬರೆಯೋಣವೆಂಬ ಸಲಹೆಯೂ ಇತ್ತು. ಯಂತ್ರಕ್ಕೆ ಸುಲಭವಾಗಲೆಂದು ಕಣ್ಣಿನ ರೂಢಿಯನ್ನು ಬದಲಿಸುವುದು ನನಗೆ ಒಪ್ಪಿಗೆಯಾಗದ ಮಾತು. ಜನರೂ ಒಪ್ಪಲಿಲ್ಲ. 1991ರಲ್ಲಿ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ಸಿಕ್ಕಿತು. 2004ರಲ್ಲಿ ಜೊನಾಥನ್ ಕ್ಯೂ ಹೊರತಂದ ಜೀಟೆಕ್ ಯೂನಿಕೋಡ್ ಅಕ್ಷರಗಳನ್ನು ನೇರವಾಗಿ ಓದಬಲ್ಲ ಟೆಕ್. ಅದರಿಂದಾಗಿ ಒತ್ತಕ್ಷರ ಎಲ್ಲಿ ಕೂರಬೇಕೆಂಬ ಚಿಂತೆ ಫಾಂಟಿನ ಪಾಲಾಯಿತು. ಸಾಲಿನ ಚಿಂತೆ ಮಾತ್ರ ಅಲ್ಲೇ ಉಳಿಯಿತು. ಸಾಮಾನ್ಯ ಬರಹ ತಂತ್ರಾಂಶಗಳು ಈ ಕಷ್ಟವನ್ನು ಬೇರೆ ರೀತಿ ದಾಟುತ್ತವೆ. ಸಾಲಿಗೆ ಇಷ್ಟು ಜಾಗ ಬೇಕೆಂದು ಫಾಂಟಿನೊಳಗೇ ಬರೆದಿಟ್ಟ ಸಂಖ್ಯೆಗಳನ್ನು ನಂಬುತ್ತವೆ. ಫಾಂಟ್ ಮಾಡಿದವರು ಒತ್ತಿನ ಮೇಲೊತ್ತನ್ನೂ ನೆನೆದು ಧಾರಾಳವಾಗಿ ಬರೆದಿದ್ದರೆ ಪುಟವೆಲ್ಲ ಹಲ್ಲುದುರಿದ ಬಾಯಿಯಂತಾಗುತ್ತದೆ. ಕೈ ಬಿಗಿಹಿಡಿದಿದ್ದರೆ ಒತ್ತಕ್ಷರದ ಬಾಲ ಕತ್ತರಿಸಿಹೋಗುತ್ತದೆ. ಮೊಬೈಲ್ ಪರದೆಯ ಗುಂಡಿಗಳ ಮೇಲೆ, ಇಂಗ್ಲಿಷಿಗೆಂದು ಅಳೆದ ಪೆಟ್ಟಿಗೆಯೊಳಗೆ ಸಿಕ್ಕಿಕೊಂಡ ಇಂಥ ಬಾಲವಿಲ್ಲದ ಕನ್ನಡವನ್ನು ನೋಡದವರು ಯಾರು?

ಕೆಲವು ವರ್ಷಗಳ ಹಿಂದೆ ನಮ್ಮೂರ ಶಾಲೆಯ ಶತಮಾನೋತ್ಸವಕ್ಕೆ ಸ್ಮರಣ ಸಂಚಿಕೆ ತರುವ ಕೆಲಸದಲ್ಲಿ ನಾನೂ ಇದ್ದೆ. ಪುಟ ಉಳಿಸಬೇಕೆಂದು ದಾನಿಗಳ ಹೆಸರುಗಳನ್ನು ಒತ್ತೊತ್ತಾಗಿ ಜೋಡಿಸಲು ಸಮಿತಿ ಹೇಳಿತು. ನಾವು ಬೇಡವೆನ್ನಲಿಲ್ಲ. ಅಕ್ಷರ ಜೋಡಿಸಿದ ಕಡೆ ಇಂಗ್ಲಿಷ್ ಪಟ್ಟಿಗೆ ಇಟ್ಟಿದ್ದ ಅಳತೆಯನ್ನೇ ಕನ್ನಡಕ್ಕೂ ಇಟ್ಟರು, ಕರಡು ನೋಡಿದ ನಾನು ಕಾಗುಣಿತ ತಿದ್ದಿದೆನೇ ಹೊರತು ಸಾಲುಗಳನ್ನು ನೋಡಲಿಲ್ಲ. ಅಚ್ಚಾಗಿ ಬಂದಾಗ ಲಕ್ಷ್ಮಮ್ಮ, ಕೃಷ್ಣಪ್ಪ, ಪುಟ್ಟಸ್ವಾಮಿ ಎಂಬ ಹೆಸರುಗಳ ಒತ್ತುಗಳೆಲ್ಲ ಕೆಳಗಿನವರ ಹೆಸರಿನ ತಲೆಯ ಮೇಲೆ ಕಪ್ಪು ಕಲೆಯಾಗಿ ಬಿದ್ದಿದ್ದವು. ಶಾಲೆಗೆ ಜಮೀನು ಬಿಟ್ಟುಕೊಟ್ಟಿದ್ದ ಹಿರಿಯರೊಬ್ಬರು ಕನ್ನಡಕ ಏರಿಸಿ ತಮ್ಮ ತಾಯಿಯ ಹೆಸರಿನ ಮೇಲೆ ಬೆರಳಿಟ್ಟು, ಇದು ಏನೆಂದು ಓದಬೇಕಪ್ಪಾ ಎಂದು ಕೇಳಿದರು. ಆ ಎಂಟು ಪುಟಗಳನ್ನು ಮತ್ತೆ ಅಚ್ಚು ಹಾಕಿಸಿದೆವು. ಎಂಟು ಪುಟಗಳಲ್ಲಿದ್ದ ಹೆಸರುಗಳು ಹನ್ನೊಂದು ಪುಟಕ್ಕೆ ಬಂದವು.

ಟೆಕ್‌ನ ಮೂಲ ನಿಯಮಗಳನ್ನು ಇನ್ನು ಬದಲಿಸುವುದಿಲ್ಲವೆಂದು ಕನೂತ್ ತೀರ್ಮಾನಿಸಿ ಬಹಳ ಕಾಲವಾಯಿತು. ತಪ್ಪು ಹುಡುಕಿದವರಿಗೆ ಚೆಕ್ ಕೊಡುವ ಪರಿಪಾಠ ಇಟ್ಟುಕೊಂಡರು. ಸಿಕ್ಕ ತಪ್ಪುಗಳನ್ನು ಅಪರೂಪಕ್ಕೊಮ್ಮೆ ತಿದ್ದಿದಾಗ ಆವೃತ್ತಿಯ ಸಂಖ್ಯೆಗೆ ಪೈ ಬೆಲೆಯ ಒಂದೊಂದು ಅಂಕಿ ಸೇರುತ್ತದೆ. 2021ರಲ್ಲಿ ಅದು 3.141592653 ಆಯಿತು. ತಾವು ತೀರಿಕೊಂಡ ದಿನ ಆವೃತ್ತಿಯ ಹೆಸರು ಪೈ ಎಂದೇ ಆಗಲಿ, ಉಳಿದ ತಪ್ಪುಗಳೆಲ್ಲ ಗುಣಗಳೆಂದು ಎಣಿಸಲ್ಪಡಲಿ ಎಂಬುದು ಅವರ ಇಚ್ಛೆ. ಹನ್ನೆರಡು, ಸೊನ್ನೆ, ಒಂದು ಎಂಬ ಆ ಮೂರು ಸಂಖ್ಯೆಗಳು ಅವರ ಮೂಲ ಏರ್ಪಾಡಿನಲ್ಲಿ ಈಗಲೂ ಹಾಗೆಯೇ ಇವೆ. ಕನ್ನಡ ಪುಸ್ತಕ ಕಟ್ಟುವವರು ಮೊದಲು ಮಾಡುವ ಕೆಲಸ ಹನ್ನೆರಡನ್ನು ಅಳಿಸಿ ಬೇರೆ ಸಂಖ್ಯೆ ಬರೆಯುವುದು. ಹದಿನೈದೋ ಹದಿನಾರೋ ಎಂಬುದನ್ನು 'ಲಕ್ಷ್ಮೀ' ಎಂದು ಎರಡು ಸಾಲು ಬರೆದು, ಅಚ್ಚು ತೆಗೆದು, ಬೆಳಕಿಗೆ ಹಿಡಿದು ನೋಡಿ ನಿರ್ಧರಿಸುತ್ತಾರೆ.